ಗಾಲಿ ಹಿಡಿದಿರುವ ತಿರುಪು

ದಶರಥನ ರಥದ ಕಡಾಣಿ ಕಳಚಿಬಿದ್ದಾಗ ಕೈಕೇಯಿ ತನ್ನ ಬೆರಳನ್ನೇ ಕೊಟ್ಟು ಚಕ್ರವನ್ನು ಉಳಿಸಿದಳೆಂಬ ಕಥೆಯನ್ನು ನಾವು ಹರಿಕಥೆಗಳಲ್ಲಿ ಕೇಳಿದ್ದೇವೆ. ಆ ಬೆರಳಿಗೆ ದೊರೆತ ವರದಿಂದ ಮುಂದೆ ಅಯೋಧ್ಯೆಯೇ ತಲ್ಲಣಿಸಿತು. ಗಾಲಿಯ ನಡುವಣ ಒಂದು ಸಣ್ಣ ತುಂಡಿನ ಮಹತ್ವ ನಮ್ಮ ಜನಕ್ಕೆ ಹೊಸದಲ್ಲ. ಇರುಸು, ಗುಂಬ, ಕಡಾಣಿ, ಕೀಲೆಣ್ಣೆ ಎಂಬ ಮಾತುಗಳು ಎತ್ತಿನ ಗಾಡಿಯೊಡನೆ ಬೆಳೆದವರ ನಾಲಗೆಯ ಮೇಲೆ ಸಹಜವಾಗಿ ಆಡುತ್ತಿದ್ದವು. ಮೋಟಾರು ಬಂದ ಮೇಲೆ, ಗಾಲಿಯ ಹಿಂದೆ ಏನಿದೆ ಎಂಬ ಕುತೂಹಲವನ್ನು ಗ್ಯಾರೇಜಿನವರಿಗೆ ಒಪ್ಪಿಸಿ ನಾವು ನಿಶ್ಚಿಂತರಾದೆವು.

ಈ ಹೊತ್ತು ನಾನು ಹೇಳಹೊರಟಿರುವುದು ಮಾರಿಸ್ ಮೈನರ್ ಎಂಬ ಹಳೆಯ ಪುಟ್ಟ ಕಾರಿನ ಮುಂಗಾಲಿಯ ವಿಷಯ. ನಮ್ಮ ಮನೆಯಲ್ಲಿ ಅಂಥದೊಂದು ಕಾರಿದೆ. ಹಿರಿಯರಿಂದ ಬಂದದ್ದು, ಈಗಲೂ ಓಡುತ್ತದೆ. ಅಲೆಕ್ ಇಸಿಗೋನಿಸ್ ರೂಪಿಸಿದ ಈ ಕಾರು 1948ರ ಅಕ್ಟೋಬರಿನಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಕಂಪನಿಯ ಯಜಮಾನರಾದ ಲಾರ್ಡ್ ನಫೀಲ್ಡರಿಗೆ ಇದು ಹಿಡಿಸಲಿಲ್ಲವಂತೆ. ಬೇಯಿಸಿದ ಮೊಟ್ಟೆಯ ಹಾಗಿದೆ ಎಂದು ಮೂಗು ಮುರಿದರಂತೆ. ಆದರೆ ಹತ್ತು ಲಕ್ಷದ ಸಂಖ್ಯೆಯನ್ನು ಮುಟ್ಟಿದ ಮೊತ್ತಮೊದಲ ಬ್ರಿಟಿಷ್ ಕಾರು ಇದೇ. 1950ರ ಆಸುಪಾಸಿನಲ್ಲಿ ನಮ್ಮ ದೇಶದಲ್ಲಿಯೂ ಇದು 'ಬೇಬಿ ಹಿಂದೂಸ್ಥಾನ್' ಎಂಬ ಮುದ್ದಾದ ಹೆಸರಿನಿಂದ ರಸ್ತೆಗಿಳಿಯಿತು. ಇಸಿಗೋನಿಸ್ ಮುಂದೆ 1959ರಲ್ಲಿ 'ಮಿನಿ' ಕಾರನ್ನು ಕೊಟ್ಟು ಜಗತ್ಪ್ರಸಿದ್ಧರಾದರು.

ಮುಂದಿನ ಇರುಸು ಸವೆದಿದೆ ಎಂದು ಲೋಕಾರೂಢಿಯಾಗಿ ಹೇಳುತ್ತೇವೆ. ನಿಜವೆಂದರೆ ಈ ಕಾರಿನ ಮುಂಭಾಗದಲ್ಲಿ ಇರುಸೇ ಇಲ್ಲ. ಗಾಡಿಯಲ್ಲಿರುವಂತೆ ಎರಡು ಗಾಲಿಗಳನ್ನು ಕೂಡಿಸುವ ಅಡ್ಡದೂಲವನ್ನು ಇಸಿಗೋನಿಸ್ ತೆಗೆದುಹಾಕಿ, ಒಂದೊಂದು ಗಾಲಿಯನ್ನೂ ಸ್ವತಂತ್ರಗೊಳಿಸಿದರು. ಪ್ರತಿ ಗಾಲಿಯ ಹಿಂದೆ ನೆಟ್ಟಗೆ ನಿಂತ ಒಂದು ಉಕ್ಕಿನ ಕಾಲು ಇದೆ, ಅದೇ ಕಿಂಗ್‌ಪಿನ್. ಅದರ ಮೇಲ್ತುದಿ, ಕೆಳತುದಿ ಎರಡರಲ್ಲಿಯೂ ತಿರುಪಿನ ಸುತ್ತುಗಳಿವೆ. ಆ ತುದಿಗಳು ಟ್ರನಿಯನ್ ಎಂಬ ಎರಡು ಲೋಹದ ಮುಷ್ಟಿಗಳೊಳಗೆ ತಿರುಪಿಕೊಂಡು ಕುಳಿತಿವೆ. ನೀವು ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಈ ಕಾಲು ಮುಷ್ಟಿಗಳೊಳಗೆ ಬೋಲ್ಟು ನಟ್ಟಿನಲ್ಲಿ ತಿರುಗುವಂತೆ ತಿರುಗುತ್ತದೆ. ಕೆಳಗಿನ ಮುಷ್ಟಿಯನ್ನು ಹಿಡಿದ ತೋಳು, ಕಾರಿನ ತಳದಲ್ಲಿ ಉದ್ದಕ್ಕೂ ಹಾಯ್ದಿರುವ ಟಾರ್ಷನ್ ಬಾರ್ ಎಂಬ ಉಕ್ಕಿನ ಸರಳಿಗೆ ಸೇರಿದೆ. ಸ್ಪ್ರಿಂಗಿನ ಸುರುಳಿಯಿಲ್ಲ, ಆ ಸರಳು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡೇ ಕಾರಿನ ಭಾರವನ್ನು ಹೊರುತ್ತದೆ. ಹೀಗಾಗಿ ಕಾರಿನ ಮುಂಭಾಗದ ಭಾರವೆಲ್ಲ ಗಾಲಿಗೆ ಇಳಿಯುವುದು ಕೆಳಗಿನ ಆ ನಾಲ್ಕಾರು ಸುತ್ತುಗಳ ಮೂಲಕವೇ. ಸರಳವಾದ, ಸುಂದರವಾದ ಉಪಾಯ. ಆದರೆ ಕ್ಷಮಾಗುಣವಿಲ್ಲದ ಉಪಾಯ.

ಗ್ರೀಸು ಒಣಗಿ, ಕೆಸರು ನೀರು ಒಳಹೊಕ್ಕು, ಸುತ್ತುಗಳು ಸವೆದರೆ ಒಂದು ದಿನ ಕಾಲು ಮುಷ್ಟಿಯಿಂದ ಜಾರಿ ಹೊರಬರುತ್ತದೆ. ಗಾಲಿ ಮಡ್ಗಾರ್ಡಿನ ಕೆಳಗೆ ಮಡಚಿಕೊಳ್ಳುತ್ತದೆ, ಕಾರು ಮಂಡಿಯೂರುತ್ತದೆ. ಬಹುತೇಕ ಇದು ನಿಧಾನವಾಗಿ, ಸ್ಟಿಯರಿಂಗನ್ನು ಪೂರ್ಣ ತಿರುಗಿಸುವಾಗ ನಡೆಯುವುದು ಪುಣ್ಯ. ನನ್ನ ಮಿತ್ರರೊಬ್ಬರ ಕಾರು ಅವರ ಮನೆಯ ಗೇಟಿನಲ್ಲಿಯೇ ಹೀಗೆ ಕುಸಿಯಿತು. ಹಿಂದಿನ ದಿನವಷ್ಟೇ ಅವರು ಆ ಕಾರಿನಲ್ಲಿ ಹೆಂಡತಿ, ಮೊಮ್ಮಕ್ಕಳೊಡನೆ ಘಟ್ಟವಿಳಿದು ಹತ್ತಿ ಬಂದಿದ್ದರು. ಬಿಚ್ಚಿ ನೋಡಿದರೆ ಕೆಳಗಿನ ಗ್ರೀಸ್ ನಿಪ್ಪಲಿನ ಬಾಯಿಗೆ ಬಣ್ಣ ಬಳಿದು ಮುಚ್ಚಿತ್ತು. ಸರ್ವಿಸ್ ಮಾಡಿದವರು ವರ್ಷಗಟ್ಟಲೆ ಅದಕ್ಕೆ ಗ್ರೀಸ್ ಗನ್ನನ್ನು ಮುಟ್ಟಿಸಿರಲಿಲ್ಲ. ಬಿಲ್ಲಿನಲ್ಲಿ ಮಾತ್ರ ಮುಟ್ಟಿಸಿದ್ದರು.

ಇದನ್ನು ಕಂಡ ಮೇಲೆ ನಮ್ಮ ಕಾರನ್ನು ಪರೀಕ್ಷಿಸಿದೆ. ಪರೀಕ್ಷೆ ಸುಲಭ. ಗಾಲಿಯನ್ನು ನೆಲದಿಂದೆತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಒಳಗೂ ಹೊರಗೂ ಅಲುಗಿಸಬೇಕು. 'ಟಕ್' ಎಂದು ಅಲುಗಿದರೆ ಸವೆತವಿದೆ. ಆಗ ಮನೆಯವರಲ್ಲಿ ಒಬ್ಬರನ್ನು ಬ್ರೇಕು ಒತ್ತಿ ಹಿಡಿಯುವಂತೆ ಹೇಳಿ, ಮತ್ತೆ ಅಲುಗಿಸಬೇಕು. ಅಲುಗಾಟ ನಿಂತಿತೋ, ದೋಷ ಗಾಲಿಯ ಬೇರಿಂಗಿನದು; ನಿಲ್ಲಲಿಲ್ಲವೋ, ಕಿಂಗ್‌ಪಿನ್ನಿನದು. ನಮ್ಮದು ನಿಲ್ಲಲಿಲ್ಲ. ಬ್ರೇಕಿನ ಮೇಲೆ ಕಾಲಿಟ್ಟು ಕುಳಿತಿದ್ದ ನನ್ನ ಹೆಂಡತಿ, "ಇದನ್ನು ಮಾರಿಬಿಡಬಾರದೇ?" ಎಂದಳು. ಆ ಸ್ಥಿತಿಯಲ್ಲಿ ಅದನ್ನು ಮತ್ತೊಬ್ಬರ ಕೈಗೆ ಕೊಡುವುದು ನ್ಯಾಯವೇ ಎಂದು ಕೇಳಿದೆ. ಅವಳು ಮಾತು ಬೆಳೆಸಲಿಲ್ಲ.

ಈ ಕೆಲಸ ಬಲ್ಲ ಹಿರಿಯ ಮೇಸ್ತ್ರಿಗಳು ನಮ್ಮ ಊರಿನಲ್ಲಿ ಒಬ್ಬರೇ ಉಳಿದಿದ್ದರು. ಕಣ್ಣು ಮಂಜಾಗಿದ್ದ ಕಾರಣ ಅವರು ಸ್ಟೂಲಿನ ಮೇಲೆ ಕುಳಿತು ಹೇಳುತ್ತ ಹೋದರು, ನಾನು ಮಾಡುತ್ತ ಹೋದೆ. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಚಾಸಿಸ್ಸಿನ ಕೆಳಗೆ ಗಟ್ಟಿಯಾದ ಸ್ಟ್ಯಾಂಡು ನಿಲ್ಲಿಸುವ ತನಕ ಒಂದು ನಟ್ಟನ್ನೂ ಮುಟ್ಟಗೊಡಲಿಲ್ಲ. ಬರಿಯ ಜಾಕನ್ನು ನಂಬಿ ಕಾರಿನಡಿಗೆ ತಲೆ ಚಾಚುವವರನ್ನು ಅವರು ಕರೆಯುತ್ತಿದ್ದ ಹೆಸರನ್ನು ಇಲ್ಲಿ ಹೇಳುವಂತಿಲ್ಲ. ಅವರ ಎರಡನೆಯ ಎಚ್ಚರಿಕೆ ಆ ತಿರುಚಿದ ಸರಳಿನ ವಿಷಯ. ಕೆಳತೋಳಿಗೆ ಜಾಕು ಕೊಟ್ಟು ಭಾರವನ್ನು ಅದಕ್ಕೆ ಹೊರಿಸಿ, ಮೇಲಿನ ಕೀಲನ್ನು ಬಿಡಿಸಿ, ಆಮೇಲೆ ಜಾಕನ್ನು ಇಂಚಿಂಚಾಗಿ ಇಳಿಸಬೇಕು. ಅವಸರಪಟ್ಟರೆ ಅಡಗಿರುವ ಬಲವೆಲ್ಲ ಒಮ್ಮೆಗೇ ಸಿಡಿದು ಕೈ ಮುರಿದೀತು. ಬಿಚ್ಚಿದ ಭಾರವನ್ನು ಬ್ರೇಕಿನ ರಬ್ಬರು ಕೊಳವೆಗೆ ಜೋತುಬೀಳಲು ಬಿಡದೆ ಹಗ್ಗದಿಂದ ಎತ್ತಿ ಕಟ್ಟಿದೆವು.

ಸ್ಟಿಯರಿಂಗಿನ ಕಡ್ಡಿ ಮಾತ್ರ ಜಗ್ಗಲಿಲ್ಲ. ಅದು ಶಂಕುವಿನಾಕಾರದ ತೂತಿನಲ್ಲಿ ಬಿಗಿದು ಕೂತಿರುತ್ತದೆ. ಎರಡು ಸುತ್ತಿಗೆ ಹಿಡಿದು, ಆ ತೂತಿನ ತಲೆಯ ಎರಡು ಪಕ್ಕಗಳಿಗೂ ಏಕಕಾಲಕ್ಕೆ ಹೊಡೆ ಎಂದರು. ಮೂರನೆಯ ಪೆಟ್ಟಿಗೆ, ತಾನಾಗಿಯೇ ಕಳಚಿತೆಂಬಂತೆ ಬಿದ್ದಿತು. ಇಂಥ ವಿದ್ಯೆಯನ್ನು ಪುಸ್ತಕವೂ ಹೇಳೀತು. ಸುತ್ತಿಗೆ ಸರಿಯಾಗಿ ಬಿತ್ತೋ ಇಲ್ಲವೋ ಎಂಬುದನ್ನು ಸದ್ದಿನಿಂದಲೇ ತಿಳಿಯುವ ಕಿವಿ ಪುಸ್ತಕಕ್ಕಿಲ್ಲ. ಸ್ಪ್ಯಾನರಿನ ವಿಷಯಕ್ಕೂ ಅವರದು ಕಟ್ಟುನಿಟ್ಟು. ಅರ್ಧ ಇಂಚಿನ ನಟ್ಟಿಗೆ ಹದಿಮೂರು ಮಿಲಿಮೀಟರಿನ ಸ್ಪ್ಯಾನರು ಸುಮಾರಾಗಿ ಕೂರುತ್ತದೆ. ಆ 'ಸುಮಾರು' ನಟ್ಟಿನ ಮೂಲೆಗಳನ್ನು ತಿಂದುಹಾಕುತ್ತದೆ.

ಹೊಸ ಮುಷ್ಟಿಯೊಂದನ್ನೇ ಕೊಂಡು ಹಳೆಯ ಕಾಲಿಗೆ ತೊಡಿಸಿದರೆ ಅರ್ಧ ಹಣ ಉಳಿಯುತ್ತದೆಂದು ಅಂಗಡಿಯವರು ಹೇಳಿದ್ದರು. ಸವೆದ ಸುತ್ತು ಹೊಸ ಸುತ್ತನ್ನು ಬೇಗ ತಿನ್ನುತ್ತದೆ, ಜೋಡಿಯಾಗಿಯೇ ಬದಲಿಸಬೇಕು. ಎಡದ ಕಾಲು ಬಲಕ್ಕೆ ಆಗುವುದಿಲ್ಲ. ಹೊಸ ಮುಷ್ಟಿಯನ್ನು ಕೊನೆಯ ತನಕ ತಿರುಪಿ, ಗಾಲಿ ಎರಡು ಕಡೆಗೂ ಪೂರ್ಣ ಹೊರಳುವಷ್ಟು ಹಿಂದಕ್ಕೆ ಬಿಟ್ಟೆವು. ರಬ್ಬರು ಬುಷ್ಷುಗಳ ನಟ್ಟುಗಳನ್ನು ಕಾರು ತನ್ನ ಕಾಲ ಮೇಲೆ ನಿಂತ ನಂತರವೇ ಬಿಗಿದೆವು. ಎತ್ತಿ ನಿಲ್ಲಿಸಿದಾಗಲೇ ಬಿಗಿದರೆ ಇಳಿಸಿದಾಗ ರಬ್ಬರು ತಿರುಚಿ ಹರಿಯುತ್ತದೆ. ಹಳೆಯ ಸ್ಪ್ಲಿಟ್ ಪಿನ್ನನ್ನು ನೇರಮಾಡಿ ಮತ್ತೆ ಹಾಕಹೊರಟಾಗ ಮೇಸ್ತ್ರಿಗಳು ಅದನ್ನು ಕಸಿದು ಬೇಲಿಯಾಚೆ ಎಸೆದರು.

ಎರಡು ಕಡೆಗೂ ಸೇರಿ ಎರಡು ಭಾನುವಾರ ಹಿಡಿಯಿತು. ಗಾಲಿಗಳ ಮುಂಬಾಗನ್ನು ಅಳೆಯುವ ಕೆಲಸವನ್ನು ಮಾತ್ರ ಅಳತೆಯ ಸಾಧನವಿದ್ದ ಗ್ಯಾರೇಜಿಗೆ ಬಿಟ್ಟೆವು. ಒಂದಂಗುಲದ ಮೂವತ್ತೆರಡನೆಯ ಮೂರು ಪಾಲನ್ನು ಕಣ್ಣಳತೆಯಲ್ಲಿ ಹಿಡಿಯಲಾಗದು. ಈಗ ಸಾವಿರ ಮೈಲಿಗೊಮ್ಮೆ ಗಾಲಿಯನ್ನು ನೆಲದಿಂದೆತ್ತಿ, ಸುತ್ತುಗಳ ಮೇಲಿನ ಭಾರ ಇಳಿಸಿ, ಗ್ರೀಸು ಒತ್ತುತ್ತೇನೆ. ಮೊದಲು ಕಪ್ಪು ಗ್ರೀಸು ಬರುತ್ತದೆ, ಆಮೇಲೆ ಕಂದು. ಒತ್ತಿದ ಬಣ್ಣದ್ದೇ ಹೊರಬಂದಾಗ ನಿಲ್ಲಿಸುತ್ತೇನೆ.