ಹೊಗೆಯನ್ನು ಸೋಸುವ ಪೊರೆ

(ಶ್ರೀಮಠದ ಸುವರ್ಣಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)

ಶ್ರೀ ಸನ್ನಿಧಿಯವರು ಅಪ್ಪಣೆ ಕೊಡಿಸಿರುವ ವಿಷಯವನ್ನು ಕುರಿತು ಕೆಲವು ಮಾತುಗಳನ್ನು ಅರಿಕೆ ಮಾಡುವೆನು. ಪಾಠಶಾಲೆಯಲ್ಲಿ ವ್ಯಾಕರಣವನ್ನೂ ತರ್ಕವನ್ನೂ ಓದಿಕೊಂಡವನಿಗೆ ಚಿಮಣಿಯ ಹೊಗೆಯ ಗೊಡವೆ ಏಕೆಂದು ಕೆಲವರು ನಕ್ಕಾರು. ಆದರೆ ಒಂದರೊಳಗೆ ಬೆರೆತಿರುವ ಇನ್ನೊಂದನ್ನು ಬೇರ್ಪಡಿಸುವುದೆಂತು ಎಂಬ ಪ್ರಶ್ನೆಯು ತರ್ಕಶಾಸ್ತ್ರಕ್ಕೆ ಪರಕೀಯವಾದುದಲ್ಲ. ಮೇಲಾಗಿ ನಮ್ಮ ಭಕ್ತರ ಮನೆಗಳಲ್ಲಿ ಬೆಳಗುವ ಎಷ್ಟೋ ವಿದ್ಯುದ್ದೀಪಗಳಿಗೆ ರಾಯಚೂರಿನ ಬಳಿಯ ಶಕ್ತಿನಗರದಲ್ಲಿ ಉರಿಯುವ ಕಲ್ಲಿದ್ದಲೇ ಎಣ್ಣೆಯಾಗಿರುವುದು. ದೀಪವನ್ನು ಹಚ್ಚಿಕೊಂಡವರು ಅದರ ಹೊಗೆಯ ವಿಚಾರವನ್ನು ಪರರ ಪಾಲಿಗೆ ಬಿಡಲಾಗದು.

ಕಲ್ಲಿದ್ದಲು ಉರಿದಾಗ ಹುಟ್ಟುವ ವಾಯುವನ್ನು ಈಗಿನವರು ಕಾರ್ಬನ್ ಡೈ ಆಕ್ಸೈಡೆಂದೂ ಹಿಂದಿನ ಕನ್ನಡ ಪುಸ್ತಕಗಳವರು ಇಂಗಾಲಾಮ್ಲವಾಯುವೆಂದೂ ಕರೆದಿರುವರು. ನಾವು ಬಿಡುವ ಉಸಿರಿನಲ್ಲಿಯೂ ಅದು ಉಂಟು. ಆದರೆ ಭೂಮಿಯಿಂದ ಹೊರಕ್ಕೆ ಹೊರಡುವ ಶಾಖವನ್ನು ತಡೆಹಿಡಿಯುವ ಗುಣವು ಅದಕ್ಕಿರುವುದರಿಂದ, ವಾಯುಮಂಡಲದಲ್ಲಿ ಅದು ಹೆಚ್ಚಿದಂತೆಲ್ಲ ನೆಲವೂ ಕಡಲೂ ಕಾಯುತ್ತಿರುವುವು. ೬೦೦ ಮೆಗಾವಾಟಿನ ಕಲ್ಲಿದ್ದಲ ಕೇಂದ್ರವೊಂದು ಪೂರ್ಣವಾಗಿ ನಡೆಯುವಾಗ ಗಂಟೆಗೆ ಸುಮಾರು ೫೦೦ ಟನ್ನಿನಷ್ಟು ಇಂಗಾಲಾಮ್ಲವನ್ನು ಹೊರಗೆಡಹುವುದು. ಶಕ್ತಿನಗರದ ಕೇಂದ್ರವಾದರೋ ೧೯೮೫ರಲ್ಲಿ ಮೊದಲ ಘಟಕದಿಂದ ಆರಂಭವಾಗಿ, ಎಂಟು ಘಟಕಗಳಾಗಿ, ೧೭೨೦ ಮೆಗಾವಾಟಿನ ಸಾಮರ್ಥ್ಯಕ್ಕೆ ಬೆಳೆಸಲ್ಪಟ್ಟುದು.

ಹಾಗಾದರೆ ಆ ಹೊಗೆಯನ್ನು ಹಿಡಿದು ನೆಲದೊಳಗೆ ಹುಗಿಯಬಾರದೇಕೆ ಎಂದು ಕೇಳಬಹುದು. ಹೊಗೆಯೆಂಬುದು ಏಕವಸ್ತುವಲ್ಲ. ಅದರ ನೂರು ಪಾಲಿನಲ್ಲಿ ಇಂಗಾಲಾಮ್ಲವು ೧೨ರಿಂದ ೧೫ ಪಾಲು ಮಾತ್ರ; ೭೦ಕ್ಕೂ ಮಿಕ್ಕ ಪಾಲು ನಿರಪರಾಧಿಯಾದ ಸಾರಜನಕ; ಉಳಿದುದು ನೀರಿನ ಆವಿ, ಸ್ವಲ್ಪ ಆಮ್ಲಜನಕ, ಗಂಧಕದ ವಾಯು, ಸಣ್ಣ ಬೂದಿ. (ಈ ಬೂದಿಯನ್ನು ಕಂಡು ಯಾರೂ ವಿಭೂತಿಯೆಂದು ಭ್ರಮಿಸತಕ್ಕದ್ದಲ್ಲ.) ಎಲ್ಲವನ್ನೂ ಒತ್ತಿ ಹುಗಿಯಹೊರಟರೆ ಬೇಕಾದುದರ ಏಳೆಂಟು ಪಟ್ಟು ವಾಯುವನ್ನು ಒತ್ತಬೇಕಾಗುವುದು, ಕೇಂದ್ರದ ವಿದ್ಯುತ್ತಿನ ದೊಡ್ಡ ಪಾಲು ಅದಕ್ಕೇ ತೀರೀತು. ಆದಕಾರಣ ಮೊದಲು ಬೇರ್ಪಡಿಸಬೇಕು. ಅಮೀನುಗಳೆಂಬ ರಾಸಾಯನಿಕ ದ್ರವಗಳಲ್ಲಿ ಹೊಗೆಯನ್ನು ತೊಳೆಯುವ ಪದ್ಧತಿಯು ಹಳೆಯದು. ಕೆನಡಾ ದೇಶದ ಬೌಂಡರಿ ಡ್ಯಾಮ್ ಕೇಂದ್ರದಲ್ಲಿ ೨೦೧೪ರಿಂದ ದೊಡ್ಡ ಪ್ರಮಾಣದಲ್ಲಿ ಅದು ಆಚರಣೆಗೆ ಬಂದಿತು. ಆ ದ್ರವವನ್ನು ಮರಳಿ ಬಳಸಬೇಕಾದರೆ ಅದನ್ನು ಕಾಯಿಸಬೇಕು. ಕಾಯಿಸಲು ಯಂತ್ರವನ್ನು ತಿರುಗಿಸಬೇಕಾದ ಉಗಿಯನ್ನೇ ಕದಿಯಬೇಕು. ಉಗಿಯನ್ನು ಬೇಡದ ಇನ್ನೊಂದು ಉಪಾಯವೇ ಪೊರೆ.

ಪೊರೆಯ ಕಥೆಯು ಆಟಿಕೆಯಂಥ ವಸ್ತುವಿನಿಂದ ಆರಂಭವಾದುದು. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಜಾನ್ ಕಿಯರ್ಸ್ಲಿ ಮಿಚೆಲ್ ಎಂಬ ವೈದ್ಯರಿದ್ದರು. ರಬ್ಬರಿನ ತೆಳುಹಾಳೆಯ ಮೂಲಕ ಯಾವ ಯಾವ ವಾಯುವು ಎಷ್ಟು ಬೇಗ ನುಸುಳುವುದೆಂಬುದನ್ನು ಅವರು ಪರೀಕ್ಷಿಸಿ ೧೮೩೧ರಲ್ಲಿ ಪ್ರಕಟಿಸಿದರು. ಇಂಗಾಲಾಮ್ಲವು ಜಲಜನಕಕ್ಕಿಂತ ಬೇಗ ನುಸುಳಿತು! ಜಲಜನಕವು ವಾಯುಗಳಲ್ಲೆಲ್ಲ ಹಗುರವಾದುದು. ಇಂಗಾಲಾಮ್ಲವು ಅದರ ೨೨ ಪಟ್ಟು ಭಾರ. ಇಲ್ಲಿ ನಮ್ಮ ತರ್ಕದ ಮಾತು ಬರುವುದು. ಪೊರೆಯು ಜರಡಿಯಾಗಿದ್ದ ಪಕ್ಷದಲ್ಲಿ ಹಗುರವೂ ಸಣ್ಣದೂ ಆದುದೇ ಮೊದಲು ದಾಟಬೇಕಾಗಿತ್ತು, ಹಾಗೆ ದಾಟಲಿಲ್ಲ, ಆದುದರಿಂದ ಪೊರೆಯು ಜರಡಿಯಲ್ಲ. ಜರಡಿಯಲ್ಲದಿದ್ದರೆ ಮತ್ತೇನು? ಸ್ಕಾಟ್ಲೆಂಡಿನ ಥಾಮಸ್ ಗ್ರಹಾಮ್ ೧೮೬೬ರಲ್ಲಿ ಇದಕ್ಕೆ ಉತ್ತರವಿತ್ತರು. ವಾಯುವು ಮೊದಲು ರಬ್ಬರಿನಲ್ಲಿ, ಸಕ್ಕರೆಯು ನೀರಿನಲ್ಲಿ ಕರಗುವಂತೆ, ಕರಗುವುದು. ಅನಂತರ ಅದರೊಳಗೆ ಸಂಚರಿಸುವುದು. ಕಡೆಗೆ ಆಚೆಯ ಮುಖದಿಂದ ಆವಿಯಾಗಿ ಹೊರಡುವುದು. ಇಂಗಾಲಾಮ್ಲವು ಸುಲಭವಾಗಿ ದ್ರವವಾಗಬಲ್ಲ ಸ್ವಭಾವದ್ದಾದುದರಿಂದ ಹೆಚ್ಚು ಕರಗುವುದು. ಸಾರಜನಕಕ್ಕೆ ಆ ಸ್ನೇಹವಿಲ್ಲ. ದಾರಿ ಬಿಡುವುದಕ್ಕೆ ಕಾರಣವು ರಂಧ್ರವಲ್ಲ, ಸ್ನೇಹ. ಈ ಒಂದು ವಾಕ್ಯವು ಇಂದಿಗೂ ಈ ಶಾಸ್ತ್ರದ ಬುಡದಲ್ಲಿರುವುದು.

ಈಗ ರಬ್ಬರಿನ ಬದಲು ಪಾಲಿಮರುಗಳು, ಎಂದರೆ ಒಂದೇ ಬಗೆಯ ಅಣುಗುಂಪು ಸರಪಳಿಯ ಕೊಂಡಿಗಳಂತೆ ಸಾವಿರಾರು ಸಲ ಕೂಡಿಕೊಂಡ ವಸ್ತುಗಳು, ಉಪಯೋಗಿಸಲ್ಪಡುತ್ತಿವೆ. ಪಾಲಿಎಥಿಲೀನ್ ಆಕ್ಸೈಡೆಂಬ ಸರಪಳಿಗೆ ಇಂಗಾಲಾಮ್ಲದಲ್ಲಿ ವಿಶೇಷ ಸ್ನೇಹ. ಆದರೆ ಪೊರೆಯು ದಪ್ಪವಾಗಿದ್ದರೆ ವಾಯುವು ದಾಟುವುದು ನಿಧಾನ. ತೀರ ತೆಳುವಾದರೆ ಹರಿದುಹೋಗುವುದು. ಈ ತೊಡಕನ್ನು ಬಿಡಿಸಿದವರಲ್ಲಿ ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೂರಿರಾಜನ್ ಒಬ್ಬರೆಂಬುದು ನಮಗೆ ಸಂತೋಷದ ಸಂಗತಿ. ಅವರೂ ಸಿಡ್ನಿ ಲೋಬ್ ಎಂಬವರೂ ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಲ್ಲಿ ೧೯೬೦ರ ಸುಮಾರಿಗೆ, ಸಮುದ್ರದ ನೀರಿನಿಂದ ಉಪ್ಪನ್ನು ತೆಗೆಯುವ ಸಲುವಾಗಿ, ಮೇಲ್ಮೈಯಲ್ಲಿ ಮಾತ್ರ ಅತಿ ತೆಳುವಾದ ಬಿಗಿಯ ಪದರವೂ ಕೆಳಗೆ ಆಸರೆಯಾಗಿ ಸಡಿಲವಾದ ದಪ್ಪ ಪದರವೂ ಇರುವ ಪೊರೆಯನ್ನು ಮಾಡಿದರು. ಇಂದಿನ ಪೊರೆಗಳಲ್ಲಿ ಆರಿಸುವ ಕೆಲಸವನ್ನು ಮಾಡುವ ಪದರವು ಒಂದು ಮೈಕ್ರಾನಿನ ಹತ್ತನೆಯ ಒಂದು ಪಾಲಿನಷ್ಟು. ತಲೆಗೂದಲಿನ ದಪ್ಪವನ್ನು ಸುಮಾರು ೭೦೦ ಮಾಡಿದರೆ ಅದರಲ್ಲಿ ಒಂದು.

ಬಹಳ ಬೇಗ ದಾಟಗೊಡುವ ಪಾಲಿಮರು ಚೆನ್ನಾಗಿ ಆರಿಸಲಾರದು. ಚೆನ್ನಾಗಿ ಆರಿಸುವುದು ಬೇಗ ದಾಟಗೊಡದು. ಲಾಯ್ಡ್ ರಾಬ್ಸನ್ ಎಂಬ ವಿಜ್ಞಾನಿಯು ನೂರಾರು ಪಾಲಿಮರುಗಳ ಅಳತೆಗಳನ್ನು ಒಂದೇ ಪಟದ ಮೇಲೆ ಗುರುತಿಸಿ, ಅವು ದಾಟಲಾರದ ಒಂದು ಗಡಿರೇಖೆಯಿರುವುದನ್ನು ೧೯೯೧ರಲ್ಲಿ ತೋರಿಸಿದರು. ಹೊಸ ಪಾಲಿಮರುಗಳು ಹುಟ್ಟಿದ ಮೇಲೆ ೨೦೦೮ರಲ್ಲಿ ತಾವೇ ಆ ರೇಖೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದರು. ಅಂದಿನಿಂದ ಆ ರೇಖೆಯನ್ನು ಮೀರುವುದೇ ಎಷ್ಟೋ ಪ್ರಯೋಗಶಾಲೆಗಳ ವ್ರತವಾಗಿರುವುದು.

ಆದರೆ ಹೊಗೆಯ ವಿಷಯದಲ್ಲಿ ನಿಜವಾದ ಕಷ್ಟವಿರುವುದು ಅಲ್ಲಲ್ಲ. ಭಕ್ತಮಹಾಶಯರು ಈ ಸ್ಥಳದಲ್ಲಿ ಸ್ವಲ್ಪ ಲಕ್ಷ್ಯವಿಡಬೇಕು. ಹಂಸವು ಹಾಲನ್ನೂ ನೀರನ್ನೂ ಬೇರ್ಪಡಿಸುವುದೆಂದು ನಾವು ಕೇಳಿರುವೆವಷ್ಟೆ. ಪೊರೆಯೂ ಹಂಸದಂತೆ ವಿವೇಕವುಳ್ಳದ್ದೇ. ಆದರೆ ಹಂಸಕ್ಕೆ ಹೀರುವ ಶಕ್ತಿಯುಂಟು, ಪೊರೆಗೆ ಇಲ್ಲ. ಈಚೆಯ ಮುಖದಲ್ಲಿ ಇಂಗಾಲಾಮ್ಲದ ಒತ್ತಡವು ಆಚೆಯದಕ್ಕಿಂತ ಹೆಚ್ಚಾಗಿರುವವರೆಗೆ ಮಾತ್ರ ಅದು ದಾಟುವುದು. ಕೆರೆಯ ತೂಬನ್ನು ಎಷ್ಟೇ ಅಗಲ ಮಾಡಿದರೂ ಗದ್ದೆಯ ನೀರು ಕೆರೆಯ ನೀರಿನ ಮಟ್ಟಕ್ಕಿಂತ ಮೇಲೇರುವುದುಂಟೆ? ಚಿಮಣಿಯ ಹೊಗೆಯ ಒತ್ತಡವು ಹೊರಗಿನ ಗಾಳಿಯದಷ್ಟೇ. ಅದರಲ್ಲಿ ಇಂಗಾಲಾಮ್ಲದ ಪಾಲು ೧೦೦ಕ್ಕೆ ೧೩ ಎಂದಿಟ್ಟುಕೊಳ್ಳಿರಿ. ಆಚೆಯ ಬದಿಯಲ್ಲಿ ನಿರ್ವಾತಯಂತ್ರದಿಂದ ಎಳೆದು ಒತ್ತಡವನ್ನು ಐದನೆಯ ಒಂದು ಪಾಲಿಗೆ ಇಳಿಸಿದರೆ, ದಾಟಿದ ವಾಯುವಿನಲ್ಲಿ ಇಂಗಾಲಾಮ್ಲವು ಹದಿಮೂರರ ಐದು ಪಟ್ಟು, ಎಂದರೆ ೬೫ ಪಾಲನ್ನು ಮೀರಲಾರದು. ಪೊರೆಯ ವಿವೇಕವು ಐವತ್ತು ಪಟ್ಟಿರಲಿ, ಐನೂರು ಪಟ್ಟಿರಲಿ, ಈ ಮಿತಿಯು ಕದಲುವುದಿಲ್ಲ. ಹೊಗೆಯು ಪೊರೆಯ ಗುಂಟ ಸಾಗುತ್ತ ಸಾಗುತ್ತ ಅದರಲ್ಲಿ ೨ ಪಾಲು ಮಾತ್ರ ಉಳಿದಾಗಲಂತೂ ದಾಟುವುದರಲ್ಲಿ ೧೦ ಪಾಲಿಗಿಂತ ಹೆಚ್ಚು ಸಿಕ್ಕದು. ಮೊದಲ ಪಾಲುಗಳು ಅಗ್ಗ, ಕಡೆಯ ಪಾಲುಗಳು ತುಟ್ಟಿ.

ಈ ಲೆಕ್ಕವನ್ನು ಒಪ್ಪಿಕೊಂಡೇ ಉಪಾಯ ಹುಡುಕಿದವರು ಕ್ಯಾಲಿಫೋರ್ನಿಯಾದ ಮೆಂಬ್ರೇನ್ ಟೆಕ್ನಾಲಜಿ ಆಂಡ್ ರಿಸರ್ಚ್ ಎಂಬ ಸಂಸ್ಥೆಯವರು. ಅವರ ಪೊಲಾರಿಸ್ ಪೊರೆಯು ಸಾರಜನಕದ ಸುಮಾರು ೫೦ ಪಟ್ಟು ಸುಲಭವಾಗಿ ಇಂಗಾಲಾಮ್ಲಕ್ಕೆ ದಾರಿಗೊಡುವುದು. ಮೊದಲ ಪೊರೆಯಲ್ಲಿ ನಿರ್ವಾತದಿಂದ ಎಳೆದಷ್ಟನ್ನು ಎಳೆದುಕೊಂಡು, ಉಳಿದ ಬಡ ಹೊಗೆಯನ್ನು ಎರಡನೆಯ ಪೊರೆಗೆ ಒಯ್ಯುವರು. ಅಲ್ಲಿ ಆಚೆಯ ಬದಿಯಲ್ಲಿ ನಿರ್ವಾತವಿಲ್ಲ. ಬಾಯ್ಲರಿನ ಉರಿಗೆ ಹೇಗೂ ಊದಲೇಬೇಕಾದ ಗಾಳಿಯನ್ನೇ ಹಾಯಿಸುವರು. ಹೊರಗಿನ ಗಾಳಿಯಲ್ಲಿ ಇಂಗಾಲಾಮ್ಲವು ೧೦೦ಕ್ಕೆ ೦.೦೪ ಪಾಲು ಮಾತ್ರವಿರುವುದರಿಂದ, ಬೇಕಾದ ಒತ್ತಡದ ವ್ಯತ್ಯಾಸವು ಬಹುಮಟ್ಟಿಗೆ ಪುಕ್ಕಟೆಯಾಗಿ ದೊರೆಯುವುದು. ಆ ಗಾಳಿಯು ಇಂಗಾಲಾಮ್ಲವನ್ನು ಹೊತ್ತು ಬಾಯ್ಲರಿಗೆ ಮರಳಲು, ಹೊಗೆಯಲ್ಲಿ ಅದರ ಪಾಲು ಏರುವುದು. ಮೊದಲ ಪೊರೆಯ ಕೆಲಸವು ಹಗುರವಾಗುವುದು. ಉರಿಗೆ ಹೋಗುವ ಗಾಳಿಯಲ್ಲಿ ಆಮ್ಲಜನಕವು ಕೊಂಚ ತಗ್ಗುವುದೆಂಬ ದೋಷವಿದೆ. ಆದರೂ ಇಡೀ ಯೋಜನೆಯಲ್ಲಿ ನನ್ನ ಬುದ್ಧಿಗೆ ಮೆಚ್ಚುಗೆಯಾದುದು ಇದೇ. ಹೊಸ ವಸ್ತುವನ್ನು ಕಂಡುಹಿಡಿಯದೆ, ಇದ್ದ ಗಾಳಿಯ ದಾರಿಯನ್ನು ತಿರುಗಿಸಿ ಗೆದ್ದರು. ಇದರ ಪ್ರಯೋಗಗಳು ಅಲಬಾಮಾ ಪ್ರಾಂತದ ವಿಲ್ಸನ್‌ವಿಲ್ಲಿನಲ್ಲಿ ದಿನಕ್ಕೆ ೨೦ ಟನ್ನು ಹಿಡಿಯುವ ಯಂತ್ರದಿಂದ ೨೦೧೫ರಲ್ಲಿ ನಡೆದುವು. ಅನಂತರ ವಯೋಮಿಂಗ್ ಪ್ರಾಂತದ ಡ್ರೈ ಫೋರ್ಕ್ ಕಲ್ಲಿದ್ದಲ ಕೇಂದ್ರಕ್ಕೆ ದಿನವೊಂದಕ್ಕೆ ೧೫೦ ಟನ್ನಿನ ಯಂತ್ರವು ಯೋಜಿಸಲ್ಪಟ್ಟಿತು. ೬೦೦ ಮೆಗಾವಾಟಿನ ಕೇಂದ್ರದ ಗಂಟೆಗೆ ೫೦೦ ಟನ್ನಿನ ಮುಂದೆ ಇದು ಇನ್ನೂ ಮೊಳಕೆ. ಅಂಥ ಕೇಂದ್ರಕ್ಕೆ ಪೊರೆಯು ಚದರ ಮೀಟರುಗಳಲ್ಲಿ ಲಕ್ಷಗಟ್ಟಲೆ ಬೇಕು.

ಬೆಲೆಯನ್ನು ಮುಚ್ಚಿಡುವುದು ಧರ್ಮವಲ್ಲ. ಇಂಗಾಲಾಮ್ಲದ ೧೦೦ಕ್ಕೆ ೯೦ ಪಾಲನ್ನು ಹಿಡಿಯಬೇಕಾದರೆ ಕೇಂದ್ರದ ಶಕ್ತಿಯಲ್ಲಿ ಸುಮಾರು ೧೬ ಪಾಲು ಇದಕ್ಕೇ ಹೋಗುವುದೆಂದು ಆ ಸಂಸ್ಥೆಯವರೇ ೨೦೧೦ರಲ್ಲಿ ಅಂದಾಜು ಮಾಡಿದರು. ಅದೂ ಅನುಕೂಲವಾದ ಅಂದಾಜು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಆರು ಬಾವಿಗಳ ಪಂಪುಗಳಲ್ಲಿ ಒಂದು ನಿಂತಂತೆ. ಯಾರ ಬಾವಿಯದನ್ನು ನಿಲ್ಲಿಸುವುದು? ಈ ಪ್ರಶ್ನೆಗೆ ಪೊರೆಯಲ್ಲಿ ಉತ್ತರವಿಲ್ಲ. ಶಕ್ತಿನಗರದಲ್ಲಿ ಕಾಯಕ ಮಾಡುವ ನಮ್ಮ ಶಿಷ್ಯರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ತೊಂಬತ್ತು ಪಾಲು ಹಿಡಿಯುವೆವೆಂದು ಹಲಗೆ ತೂಗಹಾಕಿ ಏನೂ ಹಿಡಿಯದಿರುವುದಕ್ಕಿಂತ, ಅಗ್ಗವಾಗಿ ದಕ್ಕುವ ಅರವತ್ತೆಪ್ಪತ್ತು ಪಾಲನ್ನು ಪ್ರಾಮಾಣಿಕವಾಗಿ ಹಿಡಿಯುವುದೇ ಲೇಸೆಂದು ನನ್ನ ಅಭಿಪ್ರಾಯ. ಹೀಗೆಂದ ಮಾತ್ರಕ್ಕೆ, ಪೊರೆಯು ಬಂದಿತು, ಇನ್ನು ಮನಬಂದಷ್ಟು ಉರಿಸೋಣವೆಂದು ಯಾರಾದರೂ ತಿಳಿದರೆ ಅದು ಪ್ರಾಯಶ್ಚಿತ್ತವನ್ನು ನೆಚ್ಚಿ ತಪ್ಪನ್ನು ಮಾಡುವವನ ನೀತಿಯಾದೀತು.

ದಾಟಿಬಂದ ಇಂಗಾಲಾಮ್ಲವನ್ನು ಶುದ್ಧಿಮಾಡಿ, ಹೊರಗಿನ ಗಾಳಿಯ ನೂರು ಪಟ್ಟಿಗೂ ಮಿಕ್ಕ ಒತ್ತಡಕ್ಕೆ ಏರಿಸಿ, ನೆಲದಾಳಕ್ಕೆ ಇಳಿಸಬೇಕು. ಐಸ್‌ಲೆಂಡಿನಲ್ಲಿ ೨೦೧೨ರಲ್ಲಿ ನೀರಿನೊಡನೆ ಬೆರಸಿ ಬಸಾಲ್ಟ್ ಶಿಲೆಯೊಳಕ್ಕೆ ಇಳಿಸಿದ ಇಂಗಾಲಾಮ್ಲದಲ್ಲಿ ಬಹುಭಾಗವು ಎರಡು ವರ್ಷಗಳೊಳಗೆ ಕಲ್ಲಾಗಿ ಪರಿಣಮಿಸಿತೆಂದು ೨೦೧೬ರಲ್ಲಿ ಪ್ರಕಟವಾಯಿತು. ಬೀದರ, ಕಲಬುರಗಿ, ವಿಜಯಪುರಗಳ ಕಡೆಯ ಎರೆನೆಲದ ಕೆಳಗೆ ಹಾಸಿರುವುದೂ ಬಸಾಲ್ಟ್ ಶಿಲೆಯೇ; ಶಕ್ತಿನಗರದ ಸುತ್ತಲಿನದಾದರೋ ಗ್ರಾನೈಟ್ ಜಾತಿಯ ಗಟ್ಟಿ ಕಲ್ಲು. ಚಿಮಣಿಯೊಂದು ಕಡೆ, ನುಂಗುವ ಕಲ್ಲು ಇನ್ನೊಂದು ಕಡೆ. ನಡುವೆ ಹಾಸಬೇಕಾದ ಕೊಳವೆಯ ವಿಚಾರವನ್ನು ಭೂಶಾಸ್ತ್ರವನ್ನು ಬಲ್ಲವರಿಗೆ ಬಿಟ್ಟು ವಿರಮಿಸುವೆನು.