ಹೆಸರಿಲ್ಲದ ಕ್ಯಾಮೆರಾ



ಚಿಕ್ಕಬಳ್ಳಾಪುರ, ಚಿಂತಾಮಣಿ ಪ್ರಾಂತದ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಜರ್ಮನಿಯ ಮಡಿಸುವ ಕ್ಯಾಮೆರಾ ಒಮ್ಮೊಮ್ಮೆ ದೊರೆಯುವುದುಂಟು. ಕರಿಯ ಚರ್ಮದ ಹೊದಿಕೆ. ಮುಚ್ಚಳವನ್ನು ತೆರೆದರೆ ಮಡಿಕೆಮಡಿಕೆಯಾದ ತಿದಿಯೊಡನೆ ಮಸೂರವು ಮುಂದಕ್ಕೆ ಬರುವುದು. ತಯಾರಕನ ಹೆಸರು ಮಾತ್ರ ಎಲ್ಲಿಯೂ ಕಾಣದು. ಇದನ್ನು ಗುರುತಿಸುವ ಬಗೆ ಹೇಗೆ?

ಷಟರಿನ ಮೇಲೆ ‘ಕಾಂಪುರ್’ ಎಂದಿದ್ದರೆ ಅದೇ ಕ್ಯಾಮೆರಾದ ಹೆಸರೆಂದು ಭಾವಿಸುವವರು ಬಹುಮಂದಿ. ಅದು ಮ್ಯೂನಿಕ್ಕಿನ ಡೆಕೆಲ್ ಕಾರ್ಖಾನೆಯ ಷಟರಿನ ಹೆಸರಷ್ಟೆ. ಮಸೂರವು ಯೇನಾದ ತ್ಸೈಸ್ ಸಂಸ್ಥೆಯದಾಗಿರಬಹುದು, ಒಡಲು ಡ್ರೆಸ್ಡೆನ್ನಿನದಾಗಿರಬಹುದು. ಆ ಊರಿನ ಬಾಲ್ಡಾದಂತಹ ಕಾರ್ಖಾನೆಗಳು ಅನ್ಯ ವರ್ತಕರ ಹೆಸರಿನಲ್ಲಿ ಮಾರುವುದಕ್ಕೂ ಕ್ಯಾಮೆರಾಗಳನ್ನು ಮಾಡಿಕೊಟ್ಟುವು. ಶಿಡ್ಲಘಟ್ಟದವರಿಗೆ ಇದು ಹೊಸತಲ್ಲ. ಗೂಡು ಬೆಳೆದವನೊಬ್ಬ, ನೂಲು ಬಿಚ್ಚಿದವನೊಬ್ಬ, ನೆಯ್ದವನು ಮತ್ತೊಬ್ಬ. ಸೀರೆಯ ಪೆಟ್ಟಿಗೆಯ ಮೇಲೆ ಅಂಗಡಿಯ ಹೆಸರು!

ಆದುದರಿಂದ ಒಂದೊಂದು ಅಂಗವನ್ನೂ ಬೇರೆಬೇರೆಯಾಗಿ ವಿಚಾರಿಸಬೇಕು. ಮೊದಲು ಚರ್ಮದ ಮೇಲೆ ಓರೆಯಾಗಿ ಬೆಳಕು ಬಿಡಿರಿ. ಸವೆದ ಅಚ್ಚು ಕಾಣಬಹುದು. ‘ಡಿ.ಆರ್.ಪಿ.’ ಎಂಬ ಅಕ್ಷರಗಳಿದ್ದರೆ ಅವು ಜರ್ಮನ್ ಪೇಟೆಂಟಿನ ಗುರುತು, ತಯಾರಕನ ಹೆಸರಲ್ಲ. ಷಟರಿನ ನೆತ್ತಿಯಲ್ಲಿ ವೇಗವನ್ನು ಗೊತ್ತುಮಾಡುವ ಸಣ್ಣ ಚಕ್ರವಿದ್ದರೆ ಅದು 1912ರಲ್ಲಿ ಬಂದ ಹಳೆಯ ಕಾಂಪುರ್ ಮಾದರಿ. ಸುತ್ತಣ ಉಂಗುರವೇ ತಿರುಗುವುದಾದರೆ 1920ರ ದಶಕದ ಕೊನೆಯ ಭಾಗ ಅಥವಾ ಅನಂತರದ್ದು. ‘ಯು.ಎಸ್. ಜೋನ್’ ಎಂಬ ಮುದ್ರೆಯಿದ್ದರೆ ಒಡಲು 1945ಕ್ಕೆ ಹಿಂದಿನದಾಗಲಾರದು. ಕಡೆಗೆ ಆಧಾರದ ಕಂಬಿಗಳ ಆಕಾರ, ಬೀಗದ ಗುಂಡಿ, ಫಿಲ್ಮಿನ ಅಳತೆ, ಇವನ್ನು ಹಳೆಯ ಕ್ಯಾಟಲಾಗುಗಳ ಚಿತ್ರಗಳೊಡನೆ ಹೋಲಿಸಬೇಕು. ತಯಾರಕನ ಸುಳಿವು ಹೆಚ್ಚಾಗಿ ದೊರೆಯುವುದು ಇಲ್ಲಿಯೇ.

ಇಷ್ಟು ಶ್ರಮವೇಕೆ ಎನ್ನಬಹುದು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕಾಗಿ ನೆರೆದ ಜನರ ಮೇಲೆ ಗುಂಡು ಹಾರಿತು. ಆ ಕಾಲದ ಚಿತ್ರವೊಂದನ್ನು ತೆಗೆದದ್ದು ತಮ್ಮ ಮನೆಯ ಈ ಯಂತ್ರವೇ ಎಂದು ಯಾರಾದರೂ ಹೇಳುವರೆಂದು ಭಾವಿಸೋಣ. ಒಡಲಿನ ಮೇಲೆ ‘ಯು.ಎಸ್. ಜೋನ್’ ಇದ್ದರೆ ಆ ಮಾತು ನಿಲ್ಲದು. ಷಟರು 1930ರ ಕಾಲದ್ದಾದರೆ ಮಾತು ಸಂಭವನೀಯವಾಯಿತೇ ಹೊರತು ಸಿದ್ಧವಾಗಲಿಲ್ಲ. ರಿಪೇರಿಯಲ್ಲಿ ಷಟರನ್ನು ಬದಲಾಯಿಸಿರಲೂಬಹುದು.

ನಿಜವಾದ ಸಾಕ್ಷಿ ನೆಗೆಟಿವ್. ಫಿಲ್ಮಿನ ಮುಂದಿರುವ ಲೋಹದ ಚೌಕಟ್ಟಿನ ಅಳತೆಯೂ ಅದರ ಅಂಚಿನ ಸಣ್ಣ ಊನಗಳೂ ಪ್ರತಿಯೊಂದು ನೆಗೆಟಿವಿನ ಅಂಚಿನಲ್ಲಿಯೂ ಮೂಡುವುವು. ಎರಡನ್ನೂ ಭೂತಗನ್ನಡಿಯಲ್ಲಿ ಹೋಲಿಸಿದರೆ, ತಯಾರಕನ ಹೆಸರು ತಿಳಿಯದಿದ್ದರೂ ಇಂತಹ ಚಿತ್ರವನ್ನು ಇಂತಹ ಯಂತ್ರವೇ ತೆಗೆದಿತೆಂದು ಹೇಳಲು ಬಲವಾದ ಆಧಾರ ದೊರೆಯುವುದು.

ಕ್ಯಾಮೆರಾವನ್ನು ಅಲಂಕಾರಕ್ಕೆಂದು ಮಾರಿ, ನೆಗೆಟಿವುಗಳನ್ನು ಕಸಕ್ಕೆ ಹಾಕುವ ಮನೆಗಳಿಗೆ ನಮ್ಮ ವಿಜ್ಞಾಪನೆ ಇಷ್ಟೆ: ಎರಡನ್ನೂ ಅಗಲಿಸಬೇಡಿರಿ. ಒಣಗಿದ ತಿದಿಯನ್ನು ಬಲದಿಂದ ಎಳೆಯಬೇಡಿರಿ. ಮನೆಯ ಹಿರಿಯರು ಬಲ್ಲ ಸಂಗತಿಯನ್ನು ಒಂದು ಕಾಗದದಲ್ಲಿ ಬರೆದು, ತಾರೀಖು ಹಾಕಿ, ಜೊತೆಯಲ್ಲಿಯೇ ಇಡಿರಿ.