ಪಾಡ್‌ಕಾಸ್ಟ್ ಪಠ್ಯ | ಸಿಗ್ನಲ್‌ನಲ್ಲಿ ನಿಲ್ಲದ ಸ್ಕೂಟರ್

ಇವತ್ತು ಕೇಳ್ತಾ ಕೇಳ್ತಾನೇ ಒಂದು ಕೆಲಸ ಮಾಡಿ. ತಲೆ ಮೇಲೆ ಫ್ಯಾನ್ ತಿರುಗ್ತಿದ್ರೆ, ಫೋನಿನ ಕ್ಯಾಮೆರಾ ಆ ಕಡೆ ಹಿಡಿದು ಸ್ಕ್ರೀನ್ ನೋಡಿ. ಕೆಲವು ಸಲ ಫ್ಯಾನ್ ನಿಧಾನವಾಗಿ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತೆ. ಫ್ಯಾನ್ ಕೆಟ್ಟಿಲ್ಲ, ಫೋನೂ ಕೆಟ್ಟಿಲ್ಲ. ಕ್ಯಾಮೆರಾ ಸೆಕೆಂಡಿಗೆ 30 ಸಲ ಮಾತ್ರ ಕಣ್ಣು ಬಿಡುತ್ತೆ. ಎರಡು ನೋಟದ ನಡುವೆ ರೆಕ್ಕೆ ಎಷ್ಟು ದೂರ ಹೋಯ್ತು ಅನ್ನೋದು ಅದಕ್ಕೆ ಗೊತ್ತಾಗಲ್ಲ.

ನಾನು ಇದೇ ರೀತಿ ಮೋಸ ಹೋಗಿದ್ದು ಕಂಪ್ಯೂಟರ್ ಸಿಮ್ಯುಲೇಷನ್‌ನಲ್ಲಿ. ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಆಗಿತ್ತು. ಬೆಂಗಳೂರಿನ ಒಂದು ಚಿಕ್ಕ ಕಂಪನಿ, ಎಲೆಕ್ಟ್ರಿಕ್ ಸ್ಕೂಟರ್‌ಗೆ ಕಂಟ್ರೋಲರ್ ಮಾಡ್ತಿದ್ವಿ. ಬ್ಯಾಟರಿಯಿಂದ ಮೋಟರ್‌ಗೆ ಎಷ್ಟು ಕರೆಂಟ್ ಹೋಗಬೇಕು ಅಂತ ನೋಡಿಕೊಳ್ಳೋ ಡಬ್ಬ ಅದು. ಅದರ ಬೆನ್ನಿಗೆ ಒಂದು ಅಲ್ಯೂಮಿನಿಯಂ ಹೀಟ್ ಸಿಂಕ್ ಇತ್ತು. ಅದನ್ನ ತೆಗೆದ್ರೆ ತೂಕವೂ ಕಮ್ಮಿ, ಖರ್ಚೂ ಕಮ್ಮಿ. ತೆಗೆಯಬಹುದಾ ಅಂತ ಲೆಕ್ಕ ಹಾಕಿ ಹೇಳೋದು ನನ್ನ ಕೆಲಸ.

ಊರಿನ ಟ್ರಾಫಿಕ್‌ನಲ್ಲಿ ಗಾಡಿ ಹೋಗೋದನ್ನ ಹೀಗೆ ಕೊಟ್ಟೆ: ಹೊರಗಿನ ಬಿಸಿ 35 ಡಿಗ್ರಿ, ಸಾಧಾರಣ ಕರೆಂಟ್ ಹರೀತಾ ಇರುತ್ತೆ, 20 ಸೆಕೆಂಡಿಗೊಮ್ಮೆ ನಿಂತು ಮತ್ತೆ ಥ್ರಾಟಲ್ ತಿರುವಿದಾಗ 0.3 ಸೆಕೆಂಡ್ ಮಾತ್ರ 9 ಪಟ್ಟು ಕರೆಂಟ್. ಇಂಥ 20 ನಿಮಿಷ ಓಡಿಸಿ ನೋಡಬೇಕು. ಗ್ರಾಫ್ ಬಂತು. ಎಂಥಾ ಚಂದದ ಗ್ರಾಫ್! ನುಣ್ಣಗೆ ಏರಿ 61 ಡಿಗ್ರಿಯಲ್ಲಿ ನಿಂತಿತ್ತು. ಮೀಟಿಂಗ್‌ನಲ್ಲಿ ಎದೆ ಉಬ್ಬಿಸಿ ಹೇಳಿದೆ, ಹೀಟ್ ಸಿಂಕ್ ಬೇಡ. ಒಂದು ಸ್ಯಾಂಪಲ್ ಹಾಗೇ ಮಾಡಿಸಿದ್ರು.

ಲ್ಯಾಬ್‌ನಲ್ಲಿ ಅದೇ ಕರೆಂಟ್ ಹರಿಸಿದಾಗ ಥರ್ಮೋಕಪಲ್ 95 ದಾಟಿತು. ಮುಚ್ಚಳದ ಪ್ಲಾಸ್ಟಿಕ್ ಮೆತ್ತಗಾಗಿ ಒಂದು ಕಡೆ ಸೊಟ್ಟ ಆಗಿತ್ತು, ವಾಸನೆ ಬೇರೆ. ಪುಣ್ಯಕ್ಕೆ ಅದು ಮೇಜಿನ ಮೇಲಿತ್ತು, ಯಾರದೋ ಸೀಟಿನ ಕೆಳಗಿರಲಿಲ್ಲ. ಅಲ್ಲಿನ ಹಿರಿಯ ಟೆಕ್ನೀಷಿಯನ್, ನಾವೆಲ್ಲ ಅಣ್ಣ ಅಂತಿದ್ವಿ, ನನ್ನ ಗ್ರಾಫ್ ನೋಡಿ ಕೇಳಿದ್ರು:

"ಏನ್ ಸರ್, ನಿಮ್ಮ ಕಂಪ್ಯೂಟರ್‌ನಲ್ಲಿ ಗಾಡಿ ಸಿಗ್ನಲ್‌ನಲ್ಲಿ ನಿಲ್ಲೋದೇ ಇಲ್ವಾ?"

"ನಿಲ್ಲುತ್ತೆ ಅಣ್ಣ, 20 ಸೆಕೆಂಡಿಗೊಂದು ಸಲ ಕೊಟ್ಟಿದೀನಿ."

"ಮತ್ತೆ ಇಲ್ಲಿ ಒಂದಾದ್ರೂ ಏರಿಳಿತ ಕಾಣಬೇಕಲ್ಲ?"

ನಾನು ಉತ್ತರ ಕೊಡಲಿಲ್ಲ. ವಾಪಸ್ ಬಂದು, ಅದುವರೆಗೂ ಒಂದು ದಿನವೂ ತೆರೆಯದ ಸಾಲ್ವರ್ ಲಾಗ್ ತೆರೆದೆ. 1200 ಸೆಕೆಂಡನ್ನ ಸಾಫ್ಟ್‌ವೇರ್ ಬರೀ 41 ಹೆಜ್ಜೆಯಲ್ಲಿ ದಾಟಿತ್ತು. ಆ 41ರಲ್ಲಿ ಒಂದೂ ಪಲ್ಸ್ ಮೇಲೆ ಬಿದ್ದಿರಲಿಲ್ಲ. ಸುಮಾರು 60 ಸಲ ಥ್ರಾಟಲ್ ತಿರುವಿದ್ದು ಅದರ ಪಾಲಿಗೆ ನಡೆದೇ ಇರಲಿಲ್ಲ.

ಈಗ ನೀವು ಕೇಳಬಹುದು, ಟೈಮ್ ಸ್ಟೆಪ್ 1 ಸೆಕೆಂಡ್ ಅಂತ ಕೊಟ್ಟಿರಲಿಲ್ವಾ ಅಂತ. ಕೊಟ್ಟಿದ್ದೆ ಅಂತಲೇ ನಾನೂ ಅಂದುಕೊಂಡಿದ್ದೆ. ಆದ್ರೆ ನಾನು ತುಂಬಿದ್ದು ಔಟ್‌ಪುಟ್ ಟೈಮ್, ಅಂದ್ರೆ ಉತ್ತರವನ್ನ ಎಷ್ಟೆಷ್ಟು ಹೊತ್ತಿಗೆ ಉಳಿಸಿಡಬೇಕು ಅನ್ನೋದು. ಲೆಕ್ಕ ಎಷ್ಟೆಷ್ಟು ಹೊತ್ತಿಗೆ ಮಾಡಬೇಕು ಅನ್ನೋದು ಬೇರೆ. ಅದನ್ನ ಸಾಫ್ಟ್‌ವೇರ್ ತಾನೇ ತೀರ್ಮಾನಿಸುತ್ತೆ: ಬದಲಾವಣೆ ಜೋರಾಗಿದ್ರೆ ಹೆಜ್ಜೆ ಚಿಕ್ಕದು, ಶಾಂತವಾಗಿದ್ರೆ ದೊಡ್ಡದು. ನನ್ನ ಲೆಕ್ಕದಲ್ಲಿ ಮೊದಲ 20 ಸೆಕೆಂಡ್ ಶಾಂತ. ಹಾಗಾಗಿ ಅದು ಹೆಜ್ಜೆ ಹಿಗ್ಗಿಸಿಕೊಂಡು ಹೋಗಿ, ಮೊದಲ ಪಲ್ಸನ್ನ ಹೊಸ್ತಿಲು ದಾಟಿದ ಹಾಗೆ ದಾಟಿಬಿಟ್ಟಿತು. ಕಾಲಿಟ್ಟ ಎರಡು ಜಾಗದಲ್ಲೂ ಎಲ್ಲ ಸರಿ ಇದೆ. ನಡುವೆ ಏನೋ ಇತ್ತು ಅಂತ ಅನುಮಾನ ಬರೋದಕ್ಕೂ ಕಾರಣ ಇಲ್ಲ. ಮುಂದಿನ ಹೆಜ್ಜೆ ಇನ್ನೂ ದೊಡ್ಡದು. ಕೊನೆಗೆ ಆ 41 ಚುಕ್ಕೆಗಳ ನಡುವೆ ಗೆರೆ ತುಂಬಿಸಿ, ನಾನು ಕೇಳಿದ 1201 ಉತ್ತರವನ್ನ ನೀಟಾಗಿ ಕೊಟ್ಟಿತು. ನುಣುಪು ಬಂದಿದ್ದು ಅಲ್ಲಿಂದ.

ಸಿಮ್ಯುಲೇಷನ್‌ನಲ್ಲಿ ಕಾಲ ದಾಟೋದಕ್ಕೆ ಎರಡು ದಾರಿ ಇದೆ. ಒಂದು ಎಕ್ಸ್‌ಪ್ಲಿಸಿಟ್: ಈಗಿನ ಸ್ಥಿತಿ ನೋಡಿ ನೇರವಾಗಿ ಮುಂದಿನದನ್ನ ಹೇಳೋದು. ಇದಕ್ಕೆ ಒಂದು ಕಟ್ಟುಪಾಡು ಇದೆ. 1928ರಲ್ಲೇ ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಅನ್ನೋ ಮೂವರು ಗಣಿತಜ್ಞರು ಹೇಳಿದ್ದು. ಆಗಿನ್ನೂ ಕಂಪ್ಯೂಟರೇ ಇರಲಿಲ್ಲ ನೋಡಿ! ಅಲೆ ಒಂದು ಹೆಜ್ಜೆಯ ಅವಧಿಯಲ್ಲಿ, ಲೆಕ್ಕದ ವಿಧಾನ ಕಣ್ಣು ಹಾಯಿಸಿದಷ್ಟೇ ದೂರ ಹೋಗಬೇಕು. ಸರಳ ವಿಧಾನಗಳಲ್ಲಿ ಅದು ಒಂದು ಮನೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಒಂದೊಂದು ಮನೆ 1 ಸೆಂಟಿಮೀಟರ್ ಇದ್ರೆ, ಹೆಜ್ಜೆ ಸೆಕೆಂಡಿನ 34 ಸಾವಿರದಲ್ಲಿ ಒಂದು ಭಾಗ ಮೀರಬಾರದು.

ಶಾಖ ಹರಡೋದ್ರಲ್ಲಿ ಇನ್ನೂ ಕಷ್ಟ. ತಾಮ್ರದಲ್ಲಿ 1 ಮಿಲಿಮೀಟರ್ ಮನೆಗೆ ಹೆಜ್ಜೆ ಸುಮಾರು 4.5 ಮಿಲಿಸೆಕೆಂಡ್ ಒಳಗಿರಬೇಕು. ಮನೆ ಅರ್ಧ ಮಾಡಿದ್ರೆ ಹೆಜ್ಜೆ ಅರ್ಧ ಅಲ್ಲ, ಕಾಲು. ಮೀರಿದ್ರೆ ಏನಾಗುತ್ತೆ? ತಾಪಮಾನ ಒಮ್ಮೆ ಸಾವಿರ, ಇನ್ನೊಮ್ಮೆ ಮೈನಸ್ ಲಕ್ಷ, ಆಮೇಲೆ ಲೆಕ್ಕವೇ ಬಿದ್ದುಹೋಗುತ್ತೆ. ಒಂದು ರೀತಿಲಿ ಒಳ್ಳೇದೇ, ಮನೆಯವರಿಗೆಲ್ಲ ಕೇಳೋ ಹಾಗೆ ಕೂಗಿ ಹೇಳುತ್ತೆ.

ಇನ್ನೊಂದು ಇಂಪ್ಲಿಸಿಟ್, ನಾನು ಬಳಸಿದ್ದು. ಮುಂದಿನ ಸ್ಥಿತಿಯನ್ನ ಸಮೀಕರಣ ಬಿಡಿಸಿ ಹುಡುಕೋದು. ನನ್ನಂಥ ಶಾಖದ ಲೆಕ್ಕದಲ್ಲಿ ಎಷ್ಟು ದೊಡ್ಡ ಹೆಜ್ಜೆ ಇಟ್ಟರೂ ಬೀಳಲ್ಲ. ಬೀಳಲ್ಲ ಅಂದ್ರೆ ಸರಿ ಅಂತ ನಾನು ತಿಳಿದಿದ್ದೆ. ಅದು ತಪ್ಪಿದ್ರೂ ಮುಖ ಸಪ್ಪೆ ಮಾಡಲ್ಲ, ಅಷ್ಟೇ.

ನಾಚಿಕೆ ಆಗೋದು ಇದಕ್ಕೆ: ಪೇಪರ್ ಮೇಲೆ ಐದು ನಿಮಿಷದ ಲೆಕ್ಕ ಹಾಕಿದ್ರೆ ಸಿಕ್ಕಿಬೀಳ್ತಿತ್ತು. ಶಾಖ ಕರೆಂಟಿನ ವರ್ಗದಷ್ಟು. 9 ಪಟ್ಟು ಕರೆಂಟ್ ಅಂದ್ರೆ 81 ಪಟ್ಟು ಶಾಖ. 20 ಸೆಕೆಂಡಿನಲ್ಲಿ 0.3 ಅಂದ್ರೆ ನೂರಕ್ಕೆ ಒಂದೂವರೆ ಪಾಲು. ಗುಣಿಸಿದ್ರೆ ಸುಮಾರು 1.2. ಅಂದ್ರೆ ಆ ಚಿಟಿಕೆ ಹೊತ್ತಿನ ಪಲ್ಸ್‌ಗಳು ಉಳಿದ ಹೊತ್ತಿಗಿಂತ ಜಾಸ್ತಿ ಶಾಖ ತರ್ತಿದ್ವು. ಮಾಮೂಲಿ ಕರೆಂಟಿಗೆ 26 ಡಿಗ್ರಿ ಏರಿದ್ರೆ, ಪಲ್ಸ್‌ಗೆ ಇನ್ನೊಂದು 31. ಒಟ್ಟು 92, ಅದರ ಮೇಲೆ ಪಲ್ಸ್ ಬಂದಾಗಿನ ಏರಿಕೆ. ಥರ್ಮೋಕಪಲ್ ಹೇಳಿದ್ದೂ ಅದನ್ನೇ.

ಸರಿ ಮಾಡೋಕೆ ಮೊದಲು ಒರಟು ದಾರಿ ಹಿಡಿದೆ. ಗರಿಷ್ಠ ಹೆಜ್ಜೆ 0.03 ಸೆಕೆಂಡ್, ಪಲ್ಸ್‌ನ ಹತ್ತನೇ ಒಂದು ಭಾಗ, ಅಂತ ಕಟ್ಟಿಹಾಕಿದೆ. 40 ಸಾವಿರ ಹೆಜ್ಜೆ. ರಾತ್ರಿ ಬಿಟ್ಟು ಹೋದ್ರೆ ಬೆಳಿಗ್ಗೆನೂ ಓಡ್ತಾನೇ ಇತ್ತು. ಆಮೇಲೆ ಟೀಮಿನ ಮೇಡಂ ಒಬ್ಬರು ಹೇಳಿಕೊಟ್ರು: ಪಲ್ಸ್ ಯಾವಾಗ ಶುರು, ಯಾವಾಗ ಮುಗಿಯುತ್ತೆ ಅಂತ ನಿನಗೆ ಗೊತ್ತಿದೆಯಲ್ಲ, ಅದನ್ನ ಸಾಲ್ವರ್‌ಗೂ ಹೇಳಪ್ಪ. ಅದಕ್ಕೆ ಈವೆಂಟ್ ಅಂತ ಆಯ್ಕೆ ಇರುತ್ತೆ. ಆ ಕ್ಷಣಕ್ಕೆ ಸರಿಯಾಗಿ ಕಾಲಿಟ್ಟು, ಅಲ್ಲಿಂದ ಮತ್ತೆ ಚಿಕ್ಕ ಹೆಜ್ಜೆಯಿಂದ ಶುರು ಮಾಡುತ್ತೆ. ಸುಮಾರು 1500 ಹೆಜ್ಜೆಯಲ್ಲಿ ಮುಗೀತು. ಹೆಜ್ಜೆಯ ಮಿತಿಯನ್ನ ಅರ್ಧ ಮಾಡಿ ಇನ್ನೊಮ್ಮೆ ಓಡಿಸಿದೆ, ಉತ್ತರ ಒಂದು ಡಿಗ್ರಿಯೂ ಕದಲಲಿಲ್ಲ. ಗ್ರಾಫ್ ಮಾತ್ರ ಗರಗಸದ ಹಲ್ಲಿನ ಹಾಗೆ, ನೋಡೋಕೆ ಏನೂ ಚಂದ ಇಲ್ಲ.

ಹೀಟ್ ಸಿಂಕ್ ವಾಪಸ್ ಬಂತು. ಮೀಟಿಂಗ್‌ನಲ್ಲಿ ಹಿಂದಿನ ಸಲ ಹೇಳಿದ್ದು ತಪ್ಪು ಅಂತ ಹೇಳುವಾಗ ಎರಡು ಗ್ರಾಫನ್ನೂ ಪಕ್ಕಪಕ್ಕ ಇಟ್ಟಿದ್ದೆ. ಅಣ್ಣನೂ ಬಂದು ಹಿಂದಿನ ಸಾಲಲ್ಲಿ ಕೂತಿದ್ರು. ಗರಗಸದ ಗ್ರಾಫ್ ತೋರಿಸಿ, "ಈಗ ನೋಡಿ, ನಿಮ್ಮ ಗಾಡಿ ಬೆಂಗಳೂರಿಗೆ ಬಂತು" ಅಂದ್ರು.